ಕೋಳಿ ಗೂಡಿಗೆ ಜಾಲರಿ: ಭಾನುವಾರ ಬೆಳಿಗ್ಗೆ ಎಲ್ಲರೂ ಸೇರೋಣ

3ನೇ ಅಡ್ಡರಸ್ತೆ, ಮೂಲೆ ಮನೆ: ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಎರಡು ಹೇಂಟೆ ಹೋದವು. ಕುತ್ತಿಗೆಗೆ ಕಚ್ಚಿದ ಗುರುತಿದೆ. ಕಿಟಕಿಗೆ ಹಾಕಿದ್ದ ತೆಳು ಬಲೆ ಹರಿದು, ಪುಕ್ಕ ಅದರಲ್ಲೇ ಸಿಕ್ಕಿಕೊಂಡಿದೆ. ಹಿಂದಿನ ರಸ್ತೆಯಲ್ಲೂ ಹೋದ ವಾರ ಹೀಗೇ ಆಯಿತಂತೆ. ಒಬ್ಬೊಬ್ಬರೇ ಒದ್ದಾಡುವ ಬದಲು ಎಲ್ಲರೂ ಸೇರಿ ಏನಾದರೂ ಮಾಡೋಣ, ಅಲ್ವಾ?

ಟ್ಯಾಂಕ್ ಎದುರಿನ ಮನೆ: ಅಯ್ಯೋ ಪಾಪ, ಅಕ್ಕ. ರಾತ್ರಿ ಅಂದರೆ ಪುನುಗು ಬೆಕ್ಕೋ ಕಾಡುಬೆಕ್ಕೋ ಇರಬೇಕು. ಮುಂಗುಸಿ ಬರುವುದು ಹಗಲಲ್ಲಿ. ನಮ್ಮಲ್ಲಿ ಮೊಟ್ಟೆಯೂ ಕಾಣೆಯಾಗುತ್ತಿದೆ.

ಪಾರ್ಕ್ ಪಕ್ಕದ ಮನೆ: ಚಿಪ್ಪಿನ ಚೂರು ಬಿದ್ದಿದೆಯಾ ನೋಡಿ ಸರ್. ಇದ್ದರೆ ಮುಂಗುಸಿಯೋ ಹೆಗ್ಗಣವೋ. ಚೂರೂ ಇಲ್ಲದಿದ್ದರೆ ಹಾವಿರಬಹುದು, ಅದು ಇಡಿಯಾಗಿ ನುಂಗುತ್ತದೆ. ಕತ್ತಲಲ್ಲಿ ಗೂಡಿಗೆ ಸುಮ್ನೆ ಕೈ ಹಾಕಬೇಡಿ, ಮೊದಲು ಟಾರ್ಚ್ ಬಿಡಿ.

ಹಾಲಿನ ಬೂತ್ ಹಿಂದಿನ ಮನೆ: ವಿಷ ಇಟ್ಟರೆ ಒಂದೇ ದಿನಕ್ಕೆ ಮುಗಿಯುತ್ತದೆ.

ಪಾರ್ಕ್ ಪಕ್ಕದ ಮನೆ: ಬೇಡವೇ ಬೇಡ ಅಣ್ಣ. ಮುಂಗುಸಿ, ಪುನುಗು ಬೆಕ್ಕು ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಕೊಂದರೆ ಕೇಸ್ ಆಗುತ್ತದೆ. ಮಕ್ಕಳು ಆಡುವ ಜಾಗ ಬೇರೆ.

ಟ್ಯಾಂಕ್ ಎದುರಿನ ಮನೆ: ಸರಿ, ಆದರೆ ಈ ಸೆಕೆಯಲ್ಲಿ ಬಾಗಿಲು ಮುಚ್ಚುವುದು ಹೇಗೆ? ಕೋಳಿ ಬೆವರುವುದಿಲ್ಲ. ರಾತ್ರಿ ಹತ್ತಾದರೂ ಬಾಯಿ ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಡುತ್ತಿರುತ್ತವೆ. ನೋಡಲಾಗದೆ ಬಾಗಿಲು ತೆಗೆಯುತ್ತೇವೆ.

ಪಾರ್ಕ್ ಪಕ್ಕದ ಮನೆ: ಅದೇ ನಮ್ಮ ನಿಜವಾದ ತೊಂದರೆ. ಬಾಗಿಲಿಗೆ ಚಿಲಕ ಹಾಕಲೇಬೇಕು, ಗಾಳಿ ಗೋಡೆಯಿಂದ ಬರಬೇಕು. ಎದುರುಬದುರಿನ ಎರಡು ಗೋಡೆಯಲ್ಲಿ ಮೇಲ್ಭಾಗ ಬಿಡಿಸಿ, ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ) ಬಡಿಯೋಣ. ಆರು ಮೂಲೆಯ ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ನಾಯಿ ಹಲ್ಲಿಗೆ ನಿಲ್ಲುವುದಿಲ್ಲ. ಬುಡದಲ್ಲಿ ಒಂದಡಿ ಮೆಶ್ ಹೊರಕ್ಕೆ ಮಡಚಿ, ಮಣ್ಣು ಮುಚ್ಚಿ ಕಲ್ಲು ಹೇರಬೇಕು. ಗೋಡೆ ಪಕ್ಕ ಕೆರೆಯಲು ಬಂದ ಪ್ರಾಣಿಯ ಉಗುರಿಗೆ ಜಾಲರಿ ಸಿಗುತ್ತದೆ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದರೆ ಸೆಕೆಯೂ ಕಡಿಮೆ.

ಹಾಲಿನ ಬೂತ್ ಹಿಂದಿನ ಮನೆ: ಆಯ್ತು, ವಿಷದ ಮಾತು ಬಿಟ್ಟೆ. ಕಟಿಂಗ್ ಪ್ಲೇಯರ್, ಗುದ್ದಲಿ ನಾನು ತರುತ್ತೇನೆ. ಮರಿಗಳನ್ನು ಹದ್ದು ಎತ್ತದಂತೆ ಮೇಲೆ ಕಟ್ಟಲು ಹಳೇ ಮೀನಿನ ಬಲೆಯೂ ಇದೆ.

3ನೇ ಅಡ್ಡರಸ್ತೆ, ಮೂಲೆ ಮನೆ: ತುಂಬಾ ಉಪಕಾರ. ಇಡೀ ರೋಲ್ ಒಟ್ಟಿಗೆ ತರಿಸಿ ಹಂಚಿಕೊಳ್ಳೋಣ. ಭಾನುವಾರ ಬೆಳಿಗ್ಗೆ 7ಕ್ಕೆ, ಬಿಸಿಲೇರುವ ಮೊದಲು. ಖಾಲಿ ಸೈಟಿನ ಪೊದೆಯನ್ನೂ ಸವರೋಣ. ದಯವಿಟ್ಟು ಕೋಳಿ ಕರುಳು, ಪುಕ್ಕ ಅಲ್ಲಿಗೆ ಎಸೆಯಬೇಡಿ, ನಾಯಿಗಳು ಅದಕ್ಕೇ ಸೇರುತ್ತಿವೆ. ನಿಮ್ಮ ಗೂಡಿಗೆ ಎಷ್ಟು ಅಡಿ ಮೆಶ್ ಬೇಕು ಅಂತ ಶುಕ್ರವಾರದೊಳಗೆ ಇಲ್ಲೇ ಬರೆಯಿರಿ.