ಸಹಾಯ ಬೇಕು: ಮಗಳ ಚರ್ಚಾ ಸ್ಪರ್ಧೆಗೆ ಒಂದು ಉತ್ತರ ಸಿಗ್ತಿಲ್ಲ

ವಿಷಯ ಅಮೆರಿಕದ ವರ್ಜೀನಿಯಾದ ಥಾಮಸ್ ಜೆಫರ್ಸನ್ ಸರ್ಕಾರಿ ಹೈಸ್ಕೂಲಿನ ಪ್ರವೇಶ. 2020ರಲ್ಲಿ ಅಲ್ಲಿ ಪ್ರವೇಶ ಪರೀಕ್ಷೆ ತೆಗೆದರು. ಪ್ರತಿ ಮಿಡ್ಲ್ ಸ್ಕೂಲಿಗೂ ಅದರ ಎಂಟನೇ ತರಗತಿಯ ಮಕ್ಕಳ ಸಂಖ್ಯೆಯ ಶೇ 1.5ರಷ್ಟು ಸೀಟು ಮೀಸಲಿಟ್ಟರು. ಕೆಲವು ಪೋಷಕರು ಕೋರ್ಟಿಗೆ ಹೋದರು. 2023ರಲ್ಲಿ ಮೇಲ್ಮನವಿ ಕೋರ್ಟು ಹೊಸ ಪದ್ಧತಿಯನ್ನು ಒಪ್ಪಿತು, 2024ರಲ್ಲಿ ಸುಪ್ರೀಂ ಕೋರ್ಟು ಪ್ರಕರಣವನ್ನೇ ಕೈಗೆತ್ತಿಕೊಳ್ಳಲಿಲ್ಲ.

ಇಷ್ಟು ಓದಿದ್ದೇವೆ. ಎರಡು ಸಲ ಭಾಷಣ ಬರೆದು ಹರಿದೂ ಹಾಕಿದ್ದೇವೆ (ಎರಡನೆಯದು ನಾನು ಬರೆದದ್ದು, ಸುಮ್ನೆ ಉದ್ದ ಇತ್ತು). ಸಿಕ್ಕಿಬಿದ್ದಿರುವುದು ಒಂದೇ ಕಡೆ. ಅರ್ಜಿ ನೋಡುವವರಿಗೆ ಮಗುವಿನ ಹೆಸರು, ಜನಾಂಗ ಗೊತ್ತಾಗುವುದಿಲ್ಲ. ಆದರೂ ಏಷ್ಯನ್ ಮೂಲದ ಮಕ್ಕಳ ಪಾಲು ಸುಮಾರು ಶೇ 73ರಿಂದ 54ಕ್ಕೆ ಇಳಿಯಿತು. ಮಗಳು ಹೊಸ ಪದ್ಧತಿಯ ಪರ ಮಾತಾಡಬೇಕು. ಎದುರಿನವರು ಈ ಇಳಿಕೆಯನ್ನೇ ಎತ್ತುತ್ತಾರೆ, ಅಲ್ವಾ? ಆಗ ಅವಳು ಏನು ಉತ್ತರ ಕೊಡಬೇಕು?