ಎಎಸ್/400ನಿಂದ ಸಿಐಸಿಎಸ್‌ಗೆ ಹೋದವರು ಅನುಭವ ಹೇಳಿ

ಆರ್‌ಪಿಜಿ ಹುಡುಗಿ: ಇಷ್ಟು ವರ್ಷ ಐಬಿಎಂನ ಎಎಸ್/400 ಕಂಪ್ಯೂಟರಲ್ಲಿ ಆರ್‌ಪಿಜಿ ಭಾಷೆಯ ಪ್ರೋಗ್ರಾಂ ಬರೆದಿದ್ದೀನಿ. ಈಗ ಮೇನ್‌ಫ್ರೇಮ್ ಅನ್ನೋ ದೊಡ್ಡ ಕಂಪ್ಯೂಟರ್‌ಗೆ, ಅದರಲ್ಲಿ ಸ್ಕ್ರೀನ್ ವ್ಯವಹಾರ ನಡೆಸೋ ಸಿಐಸಿಎಸ್ ಸಾಫ್ಟ್‌ವೇರ್‌ಗೆ, ಕೋಬಾಲ್ ಭಾಷೆಗೆ ಹಾಕ್ತೀವಿ ಅಂತಿದ್ದಾರೆ. ಸ್ಕ್ರೀನ್ ಪ್ರೋಗ್ರಾಂ ಬರೆಯೋ ರೀತಿಯೇ ಬೇರೆಯಂತೆ. ಒಪ್ಪಿಕೊಳ್ಳಲಾ?

ಕೋಬಾಲ್ ರಾಯ: ನಾನು ಹೋದೆ, ಹೋಗಿದ್ದಕ್ಕೆ ಹೆಮ್ಮೆ ಇದೆ. ಆದ್ರೆ ಮೊದಲ ಪ್ರಾಜೆಕ್ಟ್ ಜೀವ ತಿಂತು. ಆರ್‌ಪಿಜಿಯಲ್ಲಿ ಸ್ಕ್ರೀನ್ ತೋರಿಸೋ ಎಕ್ಸ್‌ಎಫ್‌ಎಂಟಿ ಆಜ್ಞೆ ಕೊಟ್ಟರೆ ಯೂಸರ್ ಎಂಟರ್ ಒತ್ತೋವರೆಗೂ ಪ್ರೋಗ್ರಾಂ ಅಲ್ಲೇ ಕಾಯುತ್ತೆ ಅಲ್ವಾ? ಸಿಐಸಿಎಸ್‌ನಲ್ಲಿ ಸ್ಕ್ರೀನ್ ಕಳಿಸಿ, ಮುಂದೆ ಯಾವುದು ಶುರುವಾಗಬೇಕು ಅಂತ ಹೇಳೋ ರಿಟರ್ನ್ ಟ್ರಾನ್ಸ್‌ಐಡಿ ಕೊಟ್ಟು ಮುಗಿದೇ ಹೋಗಬೇಕು. ಎಂಟರ್ ಒತ್ತಿದ್ರೆ ಹೊಸ ಟಾಸ್ಕ್. ಅದಕ್ಕೆ ಕಾಮ್‌ಏರಿಯಾ ಅನ್ನೋ ಡೇಟಾ ಮೂಟೆಯಲ್ಲಿ ಕಟ್ಟಿಕೊಟ್ಟಷ್ಟೇ ನೆನಪು, ಅದೂ 32 ಕೆಬಿ ದಾಟಂಗಿಲ್ಲ. ನಮ್ಮ ಆರ್ಡರ್ ಸಾಲುಗಳು ಅದರಲ್ಲಿ ಹಿಡಿಯದೆ ಟಿಎಸ್ ಕ್ಯೂಗೆ (ತಾತ್ಕಾಲಿಕ ಡೇಟಾ ಇಡೋ ಜಾಗ) ತಳ್ಳಿದ್ವಿ. ಟೀಮಲ್ಲಿ ಯಾರೂ ಕ್ಯೂ ಡಿಲೀಟ್ ಮಾಡ್ತಿರಲಿಲ್ಲ. ತಿಂಗಳ ಕೊನೆಗೆ ಜಾಗ ತುಂಬಿ ಟಾಸ್ಕ್‌ಗಳೆಲ್ಲ ಸಸ್ಪೆಂಡ್ ಆಗಿ ಕೂತವು, ಬಿಲ್ಲಿಂಗ್ ನಿಂತಿತು.

ಚಾನೆಲ್ ಚೇತನ: 32 ಕೆಬಿ ಅಳಲು ಇನ್ನೂ ಯಾಕೆ ರಾಯರೇ? 2005ರಲ್ಲಿ ಬಂದ ಸಿಐಸಿಎಸ್ 3.1ರಿಂದಲೇ ಆ ಮಿತಿ ಇಲ್ಲದೆ ಡೇಟಾ ದಾಟಿಸೋ ಚಾನೆಲ್, ಕಂಟೇನರ್ ಇವೆ.

ಕೋಬಾಲ್ ರಾಯ: ಹಳೇ ಕೋಡ್ ತಿದ್ದೋಕೆ ಕ್ಲೈಂಟ್ ದುಡ್ಡು ಕೊಡಬೇಕಲ್ಲ ಸ್ವಾಮಿ!

ಸರೋಜಕ್ಕ: ನನ್ನ ಕಥೆ ಉಲ್ಟಾ. ಎಎಸ್/400ನಲ್ಲೇ ಉಳಿದು ಅನುಭವಿಸಿದೆ. ಅಪ್‌ಡೇಟ್ ಫೈಲ್‌ನಲ್ಲಿ ಚೈನ್ ಮಾಡಿ (ಅಂದ್ರೆ ರೆಕಾರ್ಡ್ ಓದಿ, ಲಾಕ್ ಹಿಡಿದು) ಸ್ಕ್ರೀನ್ ತೋರಿಸೋ ಪ್ರೋಗ್ರಾಂ, ಇನ್ನೊಬ್ಬರು ಬರೆದದ್ದು. ಗೋಡೌನ್ ಗುಮಾಸ್ತರು ಸ್ಕ್ರೀನ್ ಬಿಟ್ಟು ಊಟಕ್ಕೆ ಹೋದರು. ಆ ಸ್ಟಾಕ್ ರೆಕಾರ್ಡ್ ಕೇಳಿದವರೆಲ್ಲ 60 ಸೆಕೆಂಡ್ ಕಾದು ರೆಕಾರ್ಡ್ ಲಾಕ್ ಆಗಿದೆ ಅನ್ನೋ 1218 ಎರರ್ ತಿಂದರು. ಲಾಕ್ ಯಾರದ್ದು ಅಂತ ಹುಡುಕಿ ಆ ಜಾಬ್ ಕೊಲ್ಲೋದೇ ನನ್ನ ಮಧ್ಯಾಹ್ನದ ಕೆಲಸ ಆಗಿತ್ತು. ಸಿಐಸಿಎಸ್‌ನಲ್ಲಿ ಟಾಸ್ಕ್ ಮುಗಿದರೆ ಲಾಕೂ ಹೋಯ್ತು. ಅದೇ ಸರಿ.

ಗ್ರೀನ್‌ಸ್ಕ್ರೀನ್ ಗೌಡ: ಅಕ್ಕಾ, ಅದಕ್ಕೆ ಮಷೀನ್ ಬೈದರೆ ಹೆಂಗೆ? ಚೈನ್‌ಗೆ ಎನ್ ಹಾಕಿ ಲಾಕ್ ಇಲ್ಲದೆ ಓದಿ, ಎಂಟರ್ ಒತ್ತಿದ ಮೇಲೆ ಲಾಕ್ ಹಿಡಿದು ಮತ್ತೆ ಓದಿ, ನಡುವೆ ಬೇರೆಯವರು ತಿದ್ದಿಲ್ಲ ಅಂತ ಟೈಮ್‌ಸ್ಟಾಂಪ್ ಹೋಲಿಸಿ ಬರೆದರೆ ಮುಗೀತು. ಸಿಐಸಿಎಸ್‌ನಲ್ಲೂ ಇದನ್ನೇ ಬರೀಬೇಕು. ಬದಲಾವಣೆ ಬರೆದಿಡೋ ಜರ್ನಲ್, ಅರ್ಧಕ್ಕೆ ನಿಂತದ್ದನ್ನ ವಾಪಸ್ ತೆಗೆಯೋ ಕಮಿಟ್‌ಮೆಂಟ್ ಕಂಟ್ರೋಲ್ ಎಲ್ಲ ಎಎಸ್/400ರ ಓಎಸ್‌ನಲ್ಲೇ ಇದೆ.

ಸರೋಜಕ್ಕ: ಇದೆ ಗೌಡ್ರೇ, ಆನ್ ಮಾಡಿದವರು ಯಾರು? ನಮ್ಮಲ್ಲಿ ಡಿಸ್ಕ್ ಸಾಲದು ಅಂತ ಜರ್ನಲ್ಲೇ ತೆಗೆಸಿದ್ರು. ಅರ್ಧ ಪೋಸ್ಟ್ ಆದ ಇನ್‌ವಾಯ್ಸ್‌ಗಳನ್ನ ಕೈಯಲ್ಲಿ ಸರಿಮಾಡಿದವಳು ನಾನು.

ಗ್ರೀನ್‌ಸ್ಕ್ರೀನ್ ಗೌಡ: ನಿಮ್ಮ ಮ್ಯಾನೇಜರ್ ಜಿಪುಣತನಕ್ಕೂ ಪ್ರೋಗ್ರಾಮಿಂಗ್ ಮಾದರಿಗೂ ಏನು ಸಂಬಂಧ? ಮೇನ್‌ಫ್ರೇಮ್ ಖರ್ಚು ನೋಡಿ. ಪ್ರೊಸೆಸರ್ ಬಳಕೆಯ ನಾಲ್ಕು ಗಂಟೆಯ ರೋಲಿಂಗ್ ಸರಾಸರಿಯ ಗರಿಷ್ಠದ ಮೇಲೆ ಬಹಳ ಕಡೆ ತಿಂಗಳ ಸಾಫ್ಟ್‌ವೇರ್ ಬಿಲ್. ನಮ್ಮ ಗ್ರಾಹಕರೊಬ್ಬರು ಅದಕ್ಕೆ ಹೆದರಿ ರಿಪೋರ್ಟ್‌ಗಳನ್ನೆಲ್ಲ ರಾತ್ರಿಗೆ ತಳ್ಳಿದ್ರು.

ಐಎಂಎಸ್ ಹಳಬ: ಮೇನ್‌ಫ್ರೇಮ್‌ನದ್ದೇ ಇನ್ನೊಂದು ವ್ಯವಸ್ಥೆ ಐಎಂಎಸ್ ನೋಡಿ: ಕ್ಯೂನಿಂದ ಮೆಸೇಜ್ ಎತ್ತಿಕೋ, ಡೇಟಾಬೇಸ್ ತಿದ್ದು, ಉತ್ತರ ಹಾಕು. ಅಲ್ಲಿ ಈ ಜಗಳವೇ ಇಲ್ಲ.

ಕೋಬಾಲ್ ರಾಯ: ಇಲ್ಲವಾ? ಎಸ್‌ಪಿಎ (ಒಂದು ಸ್ಕ್ರೀನ್‌ನಿಂದ ಇನ್ನೊಂದಕ್ಕೆ ಡೇಟಾ ಒಯ್ಯೋ ಜಾಗ) ಹೊತ್ತು ಕಾನ್ವರ್ಸೇಷನ್ ಬರೆದವರನ್ನ ಕೇಳಿ ಹೇಳಿ ಹಳಬರೇ.