ಕಾಕಿ, ತಮ್ಮನ ವಿಷಯಕ್ಕೆ ನನ್ನದೂ ಒಂದು ಮಾತು

ಕಾಕಿ, ನಮಸ್ಕಾರ ರೀ. ನೀವು ಗುಂಪಿನಲ್ಲಿ ಹಾಕಿದ ಮೆಸೇಜು ರಾತ್ರಿಯೇ ಕೇಳಿದೆ. ಟೈಪ್ ಮಾಡ್ತಾ ಕೂತರೆ ನನಗೆ ಬೆಳಗಾಗುತ್ತದೆ, ಅದಕ್ಕೆ ಮಾತಾಡಿಯೇ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತದೆ, ರೊಟ್ಟಿ ಬಡಿಯುತ್ತಾ ಕೇಳಿ.

ತಮ್ಮನಿಗೆ ಎರಡನೇ ಸಲವೂ ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ, ಕೋಣೆ ಬಾಗಿಲು ಹಾಕಿಕೊಂಡು ಕೂರುತ್ತಾನೆ, ಕರೆದರೆ ಊಟಕ್ಕೂ ಬರಲ್ಲ ಅಂದಿರಿ. ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಹಾಕೋದಾ, ಸುಮ್ನೆ ಬಿಎಸ್ಸಿ ಸೇರಿಸೋದಾ ಅಂತ ಕೇಳಿದಿರಿ. ಅದಕ್ಕೆ ಬಂದ ಉತ್ತರಗಳನ್ನೂ ನೋಡಿದೆ. ದೊಡ್ಡಪ್ಪ ನಮ್ಮ ಭಾಗದವರಿಗೆ ನೌಕರಿ ಮೀಸಲು ಕೊಡುವ 371ಜೆ ಕಲಂ ಇದೆಯಲ್ಲ, ಸರ್ಕಾರಿ ನೌಕರಿಗೆ ಓದಲಿ ಅಂದರು. ಮಾವ ಬೆಂಗಳೂರಿಗೆ ಕಳಿಸಿ ಅಂದರು. ಇನ್ಯಾರೋ ಸೂರ್ಯ ಹುಟ್ಟುವ ಫೋಟೋ ಮೇಲೆ ಸೋಲೇ ಗೆಲುವಿನ ಮೆಟ್ಟಿಲು ಅಂತ ಬರೆದು ಹಾಕಿದರು. ಹಾಕಿದವರು ಬೇಜಾರು ಮಾಡಿಕೊಳ್ಳಬೇಡಿ, ಆದರೆ ಆ ಫೋಟೋ ನೋಡಿದರೆ ನನಗೆ ಸಿಟ್ಟು ಬರುತ್ತದೆ. ನನಗೂ ಆ ವಯಸ್ಸಿನಲ್ಲಿ ಅದನ್ನೇ ಕಳಿಸುತ್ತಿದ್ದರು. ಸೋಲು ನನಗೇನೂ ಕೊಡಲಿಲ್ಲ ಕಾಕಿ. ದುಡ್ಡು ತಿಂತು, ನಿದ್ದೆ ತಿಂತು, ನಾಲ್ಕು ಜನರ ಮುಂದೆ ಹೋಗೋಕೆ ಮನಸ್ಸೇ ಇಲ್ಲದ ಹಾಗೆ ಮಾಡಿತು. ನನಗೆ ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ.

ನಿಮಗೆ ಅರ್ಧ ಗೊತ್ತಿದೆ, ಗುಂಪಿನಲ್ಲಿರುವ ಸಣ್ಣವರಿಗೆ ಗೊತ್ತಿಲ್ಲ. ನಾನು ಡಿಎಡ್, ಅಂದರೆ ಟೀಚರ್ ಟ್ರೈನಿಂಗ್ ಮಾಡಿದವಳು. ಆಗ ನಮ್ಮ ಕಡೆ ಹುಡುಗಿ ಪಿಯುಸಿ ಮುಗಿಸಿದರೆ ಒಂದಾ ಡಿಎಡ್, ಇಲ್ಲಾ ನರ್ಸಿಂಗ್. ಮೂರನೇದನ್ನು ಯಾರೂ ಯೋಚಿಸುತ್ತಿರಲಿಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆ, ಟಿಇಟಿ ಬರೆದೆ, 150ಕ್ಕೆ 90 ದಾಟಿಸಿ ಪಾಸಾದೆ. ಅಪ್ಪ ಊರಿಗೆಲ್ಲ ಪೇಡೆ ಹಂಚಿದರು. ಟಿಇಟಿ ಬರೀ ಅರ್ಹತೆ, ನೌಕರಿ ಅಲ್ಲ, ಅದಕ್ಕೆ ಬೇರೆ ನೇಮಕಾತಿ ಕರೆಯಬೇಕು ಅಂತ ಅಪ್ಪನಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ನೇಮಕಾತಿ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಮೊದಲು ಆ ಸರ್ಟಿಫಿಕೇಟಿಗೆ 7 ವರ್ಷ ಆಯಸ್ಸು ಇತ್ತು. 2021ರಲ್ಲಿ ಜೀವನಪೂರ್ತಿ ನಡೆಯುತ್ತೆ ಅಂತ ಮಾಡಿದರು. ಈಗ ಟ್ರಂಕಿನಲ್ಲಿ ಜೀವನಪೂರ್ತಿ ಇರುತ್ತದೆ.

ಕಾಯುತ್ತಾ ಕಾಯುತ್ತಾ ಒಂದು ಖಾಸಗಿ ಶಾಲೆಗೆ ಸೇರಿದೆ. ಅಷ್ಟರಲ್ಲಿ ನಮ್ಮ ಹೊಲದ ತೊಗರಿಗೆ ನೆಟೆ ರೋಗ ಬಂತು. ಹಸಿರಾಗಿದ್ದ ಗಿಡ ಹೂ ಬಿಡುವ ಹೊತ್ತಿಗೆ ನಿಂತಲ್ಲೇ ಒಣಗಿ ಹೋಗುತ್ತದಲ್ಲ, ಅದು. ಮಣ್ಣಿನಲ್ಲೇ ಇರುವ ಬೂಸ್ಟು, ಬೇರಿನಿಂದ ಒಳಗೆ ಹೋಗಿ ನೀರು ಮೇಲೇರದ ಹಾಗೆ ಮಾಡುತ್ತದೆ. ಒಮ್ಮೆ ಹೊಲಕ್ಕೆ ಸೇರಿದರೆ ವರ್ಷಗಟ್ಟಲೆ ಹೋಗಲ್ಲ. ಆಮೇಲೆ ಕೊರೊನಾ. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಅಲ್ವಾ ಆಗಿದ್ದು, 2020ರ ಮಾರ್ಚ್‌ನಲ್ಲಿ. ಶಾಲೆ ಮುಚ್ಚಿತು, ಪಗಾರ ನಿಂತಿತು. ಮತ್ತೆ ಕರೆಯುತ್ತೇವೆ ಅಂದರು, ಕರೆಯಲಿಲ್ಲ.

ಲಾಕ್‌ಡೌನ್‌ನಲ್ಲೂ ಬೇಳೆ ಮಿಲ್ಲುಗಳಿಗೆ ಪರ್ಮಿಷನ್ ಇತ್ತು, ತಿನ್ನುವ ಸಾಮಾನು ಅಂತ. ಕಪನೂರಿನ ಒಂದು ಮಿಲ್ಲಿನಲ್ಲಿ ಲೆಕ್ಕ ಬರೆಯುವ ಹುಡುಗ ಊರಿಗೆ ಹೋದವನು ವಾಪಸ್ ಬರಲಿಲ್ಲ. ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಟ್ಯಾಲಿ ಬರುವವರು ಬೇಕು ಅಂತ ಯಾರೋ ಹೇಳಿದರು. ನನಗೆ ಟ್ಯಾಲಿ ಅಷ್ಟಕ್ಕಷ್ಟೇ. ಆದರೂ ಹೋದೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರದ ಗುರುತು ಸಿಕ್ಕಾಗ ಪೇಪರಿನಲ್ಲಿ ನೋಡಿ ಪುಟ ತಿರುವಿದವಳು ನಾನು. ನನಗೂ ಬೇಳೆಗೂ ಸಾರಿನಷ್ಟೇ ಸಂಬಂಧ ಇತ್ತು. ಪಗಾರ ಶಾಲೆಗಿಂತ ಕಡಿಮೆ. ಡಿಎಡ್ ಮಾಡಿ ಬೇಳೆ ಮಿಲ್ಲಿಗೆ ಹೋಗ್ತಾಳಂತೆ ಅಂತ ಮದುವೆ ಮನೆಯಲ್ಲಿ ನನ್ನ ಬೆನ್ನ ಹಿಂದೆ ಅಂದವರು ಈ ಗುಂಪಿನಲ್ಲೇ ಇದ್ದಾರೆ. ಇರಲಿ ಬಿಡಿ.

ಕೆಲಸ ಏನು? ಗಂಜ್ ಮಾರ್ಕೆಟ್ಟಿನಿಂದ ಲಾರಿ ಬಂದರೆ ತೂಕದ ಚೀಟಿ ನೋಡೋದು, ಚೀಲ ಎಣಿಸೋದು, ಎಷ್ಟು ತೊಗರಿ ಒಳಗೆ ಹೋಯಿತು, ಎಷ್ಟು ಬೇಳೆ ಹೊರಗೆ ಬಂತು, ನುಚ್ಚು ಎಷ್ಟು, ಹೊಟ್ಟು ಎಷ್ಟು ಅಂತ ಬರೆಯೋದು. ನನ್ನಿಂದ ಯಾರೂ ಜಾಸ್ತಿ ಏನೂ ನಿರೀಕ್ಷೆ ಮಾಡುತ್ತಿರಲಿಲ್ಲ. ಅದೇ ನನಗೆ ದೊಡ್ಡ ಔಷಧಿ ಆಯಿತು ಅಂತ ಈಗ ಅನಿಸುತ್ತದೆ. ಏನಾದೆ, ಏನಾಗುತ್ತೀ ಅಂತ ಯಾರೂ ಕೇಳದ ಜಾಗ. ಬಂದ ಲಾರಿ ಇಳಿಸಬೇಕು, ಅಷ್ಟೇ.

ಮಧ್ಯಾಹ್ನ ಲಾರಿ ಇಲ್ಲದಾಗ ಒಳಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ಒಬ್ಬರು ಹಳೆಯ ಮಿಸ್ತ್ರಿ ಕಾಕಾ ಇದ್ದರು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು, ಬೈದುಕೊಂಡೇ. ಕಡಲೆ ಸಿಪ್ಪೆ ಬೇಗ ಬಿಡುತ್ತೆ, ತೊಗರಿದು ಯಾಕೆ ಇಷ್ಟು ಕಷ್ಟ ಅಂದೆ. ಸಿಪ್ಪೆಗೂ ಬೇಳೆಗೂ ನಡುವೆ ಅಂಟು ಇರುತ್ತದೆ ಅಂದರು. ಅದಕ್ಕೆ ಮೊದಲು ಎಮೆರಿ ರೋಲಿನಲ್ಲಿ, ಅಂದರೆ ಉಜ್ಜುವ ಒರಟು ಉರುಳೆಯಲ್ಲಿ, ಕಾಳನ್ನು ಬರೀ ಗೀರುತ್ತಾರೆ, ಆಮೇಲೆ ಸ್ವಲ್ಪ ಎಣ್ಣೆ ಹಚ್ಚಿ ಗುಡ್ಡೆ ಹಾಕಿ ಬಿಡುತ್ತಾರೆ, ಎಣ್ಣೆ ಗೀರಿನಿಂದ ಒಳಗಿಳಿದು ಅಂಟು ಸಡಿಲ ಆಗಬೇಕು. ಬಿಸಿಲಿಗೆ ಹಾಕುತ್ತಾರೆ, ನೀರು ಚಿಮುಕಿಸುತ್ತಾರೆ, ಮತ್ತೆ ರೋಲಿಗೆ ಬಿಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಬೇಳೆ ಒಡೆಯುತ್ತದೆ. ಅವಸರ ಮಾಡಿದರೆ ನುಚ್ಚಾಗುತ್ತದೆ, ನುಚ್ಚು ದನಗಳ ಪಾಲು. 100 ಕೆಜಿ ತೊಗರಿಗೆ ಸುಮಾರು 70ರಿಂದ 75 ಕೆಜಿ ಬೇಳೆ ಬಂದರೆ ಮಾಲೀಕರ ಮುಖ ನೆಟ್ಟಗಿರುತ್ತದೆ.

ಕೊನೆಗೆ ಇರುವುದು ಸಾರ್ಟೆಕ್ಸ್. ಬಣ್ಣ ನೋಡಿ ಆರಿಸುವ ಮಷಿನ್. ಮೇಲಿನಿಂದ ಬೇಳೆ ಇಳಿಜಾರು ತಗಡಿನ ಮೇಲೆ ಸಾಲಾಗಿ ಜಾರಿ ಬೀಳುತ್ತದೆ. ಬೀಳುವ ಜಾಗದಲ್ಲಿ ಎರಡೂ ಕಡೆ ಕ್ಯಾಮೆರಾ, ಎಲ್ಇಡಿ ಬೆಳಕು. ಕಪ್ಪು ಬೇಳೆ, ಸಿಪ್ಪೆ ಹಿಡಿದ ಬೇಳೆ ಕಂಡ ತಕ್ಷಣ ಅದೊಂದಕ್ಕೇ ಗಾಳಿ ಹೊಡೆದು ಆಚೆ ತಳ್ಳುತ್ತದೆ. ನಾವು ಮೊರದಲ್ಲಿ ಕೇರುವಾಗ ಬಾಯಿಂದ ಊದುತ್ತೀವಲ್ಲ, ಹಾಗೆ. ಆದರೆ ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಸಲ.

ಮಳೆಗಾಲದಲ್ಲಿ ನನ್ನ ರಿಜಿಸ್ಟರಿನಲ್ಲಿ ಒಂದು ವಿಷಯ ಕಾಣಿಸಿತು. ರಿಜೆಕ್ಟ್ ಚೀಲ ಕೆಲವು ದಿನ ಇದ್ದಕ್ಕಿದ್ದಂತೆ ಜಾಸ್ತಿ ಆಗುತ್ತಿತ್ತು. ಕೈ ಹಾಕಿ ನೋಡಿದರೆ ಅದರೊಳಗೆ ಒಳ್ಳೆ ಹಳದಿ ಬೇಳೆಯೇ ತುಂಬಿದೆ. ಆಪರೇಟರ್ ಸ್ಕ್ರೀನಿನಲ್ಲಿ ಸೆಟ್ಟಿಂಗ್ ಕಡಿಮೆ ಮಾಡುತ್ತಿದ್ದ, ಆಗ ಕಪ್ಪು ಬೇಳೆಯೂ ಒಳ್ಳೆಯದರಲ್ಲಿ ಹೋಗುತ್ತಿತ್ತು. ಮಾಲೀಕರು ಕೂಗಾಡುತ್ತಿದ್ದರು. ನಾನು ತಾರೀಕು ಹಿಡಿದು ನೋಡಿದೆ. ರಾತ್ರಿ ಮಳೆ ಬಂದ ಮಾರನೇ ದಿನಗಳೇ ಅವು. ಇದನ್ನು ಮಿಸ್ತ್ರಿ ಕಾಕಾನಿಗೆ ಹೇಳಿದೆ. ಅವರು ಏನೂ ಮಾತಾಡದೆ ಕಂಪ್ರೆಸರ್ ಹತ್ತಿರ ಹೋಗಿ ಟ್ಯಾಂಕಿನ ಕೆಳಗಿನ ವಾಲ್ವ್ ತಿರುಗಿಸಿದರು. ಬುಸ್ ಅಂತ ನೀರು ಬಂತು, ಎಣ್ಣೆ ಬೆರೆತ ಕಂದು ನೀರು. ಗಾಳಿಯನ್ನು ಒತ್ತಿದರೆ ಅದರಲ್ಲಿರುವ ಪಸೆ ನೀರಾಗುತ್ತದೆ ಅಂತ ನಾನೇ ಮಕ್ಕಳಿಗೆ ಬೇರೆ ರೀತಿಯಲ್ಲಿ ಪಾಠ ಮಾಡಿದ್ದೆ. ಆ ನೀರು ಪೈಪಿನಲ್ಲಿ ಹೋಗಿ ಗಾಳಿ ಹೊಡೆಯುವ ಸಣ್ಣ ವಾಲ್ವ್‌ಗಳಲ್ಲಿ ಧೂಳಿನ ಜೊತೆ ಅಂಟಿಕೊಳ್ಳುತ್ತಿತ್ತು. ವಾಲ್ವ್ ತಡವಾಗಿ ಮುಚ್ಚಿದರೆ ಪಕ್ಕದ ಒಳ್ಳೆ ಬೇಳೆಗೂ ಏಟು. ಗಾಳಿ ಒಣಗಿಸುವ ಡ್ರೈಯರ್ ಕೆಟ್ಟು ಎಷ್ಟು ದಿನ ಆಗಿತ್ತೋ ಏನೋ.

ಅದರ ನಂತರ ಸರ್ವಿಸ್‌ನವರು ಬಂದಾಗಲೆಲ್ಲ ಮಾಲೀಕರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದರು. ನೋಡಿ ಕಲಿತೆ, ಬರೆದಿಟ್ಟುಕೊಂಡೆ, ಆಪರೇಟರ್ ಬಿಟ್ಟು ಹೋದಾಗ ನಾನೇ ನಿಂತೆ. ಈಗ ಸುಗ್ಗಿ ಶುರುವಾದರೆ ಬೇರೆ ಮಿಲ್ಲಿನವರೂ ಕರೆಯುತ್ತಾರೆ. ಸೇಡಂಗೂ ಹೋಗ್ತೀನಿ, ಯಾದಗಿರಿಗೂ ಹೋಗ್ತೀನಿ. ಬರ್ಮಾದ ಲೆಮನ್ ತೊಗರಿ ಬಂದರೆ ಒಂದು ಸೆಟ್ಟಿಂಗ್, ತಾಂಜಾನಿಯಾದ ಅರುಷಾ ಬಂದರೆ ಇನ್ನೊಂದು, ನಮ್ಮ ಎರೆ ಭೂಮಿಯ ತೊಗರಿಗೆ ಮತ್ತೊಂದು. ಬಣ್ಣ ಬೇರೆ, ಗಾತ್ರ ಬೇರೆ. ಹಮಾಲರು ನನ್ನನ್ನು ಇನ್ನೂ ಶಾಲೆಯಲ್ಲಿ ಟೀಚರನ್ನು ಕರೆದ ಹಾಗೆ ಅಕ್ಕೋರೇ ಅಂತಲೇ ಕರೆಯುತ್ತಾರೆ.

ಇದರಲ್ಲಿ ಚುಚ್ಚುವ ಒಂದು ಮಾತು ಇದೆ. ಕಪ್ಪು ಬೇಳೆ ಯಾವುದು, ಸಿಪ್ಪೆ ಬೇಳೆ ಯಾವುದು, ಹುಳ ಹಿಡಿದದ್ದು ಯಾವುದು ಅಂತ ನನ್ನ ಕಣ್ಣಿಗೆ ಕಲಿಸಿದವರು ಮಿಲ್ಲಿನಲ್ಲಿ ಬೇಳೆ ಆರಿಸುತ್ತಿದ್ದ ಹೆಂಗಸರು. ಮಷಿನ್ ಚೆನ್ನಾಗಿ ನಡೆದಷ್ಟೂ ಅವರ ಕೆಲಸ ಕಡಿಮೆ ಆಯಿತು. ಇಬ್ಬರನ್ನು ಪ್ಯಾಕಿಂಗಿಗೆ ಹಾಕಿಸಿದೆ, ಉಳಿದವರು ಬರೋದು ಬಿಟ್ಟರು. ನನ್ನ ಕತೆ ಹೇಳುವಾಗ ಇದನ್ನು ಬಿಟ್ಟು ಹೇಳೋಕೆ ನನಗೆ ಆಗಲ್ಲ.

ಆಮೇಲೆ ಇದು ಸ್ವರ್ಗವೂ ಅಲ್ಲ. ಧೂಳಿಗೆ ಕೆಮ್ಮು, ಸದ್ದಿಗೆ ಕಿವಿ ಗುಂಯ್ ಅನ್ನುತ್ತದೆ. ತೊಗರಿ ರೇಟು ಏರಿದರೆ ಮಿಲ್ಲು ವಾರಗಟ್ಟಲೆ ನಿಲ್ಲುತ್ತದೆ, ನಿಂತರೆ ನನಗೂ ಕರೆ ಇಲ್ಲ.

ಈಗ ತಮ್ಮನ ವಿಷಯ. ಕಾಕಿ, ನೀಟ್‌ಗೆ ಇಷ್ಟೇ ಸಲ ಬರೆಯಬೇಕು ಅಂತ ಮಿತಿ ಇಲ್ಲ. ಅದೇ ತೊಂದರೆ. ಸಾಕಪ್ಪ ಅಂತ ಯಾರೂ ಹೇಳಲ್ಲ, ಕೋಚಿಂಗ್‌ನವರಂತೂ ಹೇಳಲ್ಲ. ದೊಡ್ಡಪ್ಪ ಹೇಳಿದ್ದು ಸುಳ್ಳಲ್ಲ. 371ಜೆ 2013ರಲ್ಲಿ ಜಾರಿಯಾದ ಮೇಲೆ ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ 100ಕ್ಕೆ 80 ನಮ್ಮವರಿಗೇ. ಆದರೆ ದೊಡ್ಡಪ್ಪ, ಮೀಸಲು ಇರೋದು ಬೇರೆ, ಹುದ್ದೆ ಕರೆಯೋದು ಬೇರೆ. ಅರ್ಜಿ ಹಾಕಲಿ, ಬರೆಯಲಿ. ಕೋಣೆಯಲ್ಲಿ ಕೂತು ಅದಕ್ಕೇ ಕಾಯೋದು ಮಾತ್ರ ಬೇಡ. ನಾನು ಕಾದು ನೋಡಿದ್ದೇನೆ.

ಅವನನ್ನು ಒಂದು ಮಾತು ಕೇಳಿ. ಡಾಕ್ಟರ್ ಅನ್ನಿಸಿಕೊಳ್ಳೋದು ಬೇಕಾ, ಆಸ್ಪತ್ರೆ ಕೆಲಸ ಇಷ್ಟವಾ? ಎರಡೂ ಒಂದೇ ಅಲ್ಲ. ಆಸ್ಪತ್ರೆ ಇಷ್ಟ ಅಂದರೆ ಡಯಾಲಿಸಿಸ್, ಲ್ಯಾಬ್, ಎಕ್ಸ್-ರೇ ಇವೆ. ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ನಮ್ಮಲ್ಲೇ ಶುರುವಾಯಿತು, 371 ಹಾಸಿಗೆಯದು. ಅಷ್ಟು ಹಾಸಿಗೆ ಬರೀ ಡಾಕ್ಟರುಗಳಿಂದ ನಡೆಯುತ್ತದಾ? ಅವನಿಗೆ ಚಿಕ್ಕಂದಿನಿಂದ ಮಿಕ್ಸರ್ ಬಿಚ್ಚುವ ಚಟ ಇತ್ತಲ್ಲ, ನಿಮ್ಮದೇ ಒಂದು ಕೆಡಿಸಿದ್ದ. ಅವನು ಪಿಯುಸಿಯಲ್ಲಿ ಬಯಾಲಜಿ ಜೊತೆ ಗಣಿತವೂ ಇರುವ ಪಿಸಿಎಂಬಿ ಓದಿದ್ದರೆ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಆಮೇಲೆ ಮನಸ್ಸಾದರೆ ಡಿಪ್ಲೊಮಾದವರಿಗೆ ಇರುವ ಡಿಸಿಇಟಿ ಪರೀಕ್ಷೆ ಬರೆದು ಬಿಇಗೂ ಎರಡನೇ ವರ್ಷಕ್ಕೆ ಹೋಗಬಹುದು. ಆದರೆ ಇದನ್ನೆಲ್ಲ ಇವತ್ತೇ ಅವನ ಮುಂದೆ ಹರಡಬೇಡಿ. ಮತ್ತೊಂದು ಫಾರ್ಮ್ ನೋಡಿದರೆ ಇನ್ನೊಂದು ಚಿಲಕ ಹಾಕಿಕೊಳ್ಳುತ್ತಾನೆ.

ನನ್ನ ಜೊತೆ ಕಳಿಸಿ. ಓದೋಕೆ ಅಲ್ಲ, ನೌಕರಿಗೂ ಅಲ್ಲ, ಸುಮ್ನೆ. ಕಂಪ್ರೆಸರ್ ನೀರು ಬಿಡೋದು, ಸಾರ್ಟೆಕ್ಸ್ ಗ್ಲಾಸ್ ಒರೆಸೋದು, ಚೀಲ ಎಣಿಸೋದು ಮಾಡಲಿ. ದಿನದ ಕೂಲಿ ಕೊಡಿಸ್ತೀನಿ, ಪುಕ್ಕಟೆ ದುಡಿಸಲ್ಲ. ಇಷ್ಟ ಆಗದಿದ್ದರೆ ವಾಪಸ್ ಬರಲಿ, ನಾನು ಬೇಜಾರು ಮಾಡಿಕೊಳ್ಳಲ್ಲ. ಮಿಸ್ತ್ರಿ ಕಾಕಾ ಈಗಲೂ ಬರುತ್ತಾರೆ, ಅವರ ಹತ್ತಿರ ಬೈಸಿಕೊಳ್ಳಲಿ. ನೀಟ್ ಬಗ್ಗೆ ಅಲ್ಲಿ ಯಾರೂ ಕೇಳಲ್ಲ, ಅವರಿಗೆ ಅದೇನು ಅಂತಲೂ ಗೊತ್ತಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹುಮನಾಬಾದ್ ರಿಂಗ್ ರೋಡ್ ಹತ್ತಿರ ನಿಲ್ಲಲಿ, ಗಾಡಿ ಮೇಲೆ ಕರೆದುಕೊಂಡು ಹೋಗ್ತೀನಿ. ಚಪ್ಪಲಿ ಬೇಡ, ಬೂಟು ಹಾಕಿಕೊಳ್ಳಲಿ. ಮೂಗಿಗೆ ಕಟ್ಟಿಕೊಳ್ಳೋಕೆ ಒಂದು ಟವೆಲ್ ಇರಲಿ. ನಾಷ್ಟಾ ಮಾಡಿಸಿ ಕಳಿಸಿ, ಅಲ್ಲಿ ಸುಸ್ಲಾ ಸಿಗೋದು ಹತ್ತರ ಮೇಲೆ. ಮತ್ತೆ ಕಾಕಿ, ಆ ಲಾಂಗ್ ಟರ್ಮ್‌ನವರಿಗೆ ಅಡ್ವಾನ್ಸ್ ಏನಾದರೂ ಕೊಟ್ಟಿದ್ದರೆ ರಸೀದಿ ಹುಡುಕಿ ಇಡಿ, ವಾಪಸ್ ಕೇಳೋಕೆ ನಾನೇ ಬರ್ತೀನಿ.